ಸತ್ಯವೇದದ ಸಾಫ್ಟ್‌ವೇರಿಗೆ ಸ್ವಂತ ಮನೆಯೋ, ಔಟ್‌ಹೌಸೋ?

“ಮಗ ಕಳಿಸಿದ್ದಾನಪ್ಪ, ಹೊಸ ಮ್ಯಾಕ್‌ಬುಕ್ಕು. ಹಗುರ ಇದೆ, ಚೆನ್ನಾಗಿದೆ. ನನ್ನ ಬೈಬಲ್‌ವರ್ಕ್ಸ್ ಒಂದನ್ನು ಇದಕ್ಕೆ ಹಾಕಿಕೊಟ್ಟುಬಿಡು.”

ಫೋನಿನಲ್ಲಿದ್ದವರು ನಮ್ಮ ಪರಿಚಯದ ಹಿರಿಯ ಸಭಾಪಾಲಕರು. ಎಲ್ಲರಿಗೂ ಅವರು ಅಯ್ಯನವರು. ಹದಿನೈದು ವರ್ಷದಿಂದ ಭಾನುವಾರದ ಪ್ರಸಂಗಕ್ಕೆ ಅವರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದುದು ಆ ಒಂದು ಪ್ರೋಗ್ರಾಮಿನಲ್ಲೇ. ಬೈಬಲ್‌ವರ್ಕ್ಸ್ ವಿಂಡೋಸಿನದು. 1992ರಲ್ಲಿ ಅಮೆರಿಕದಲ್ಲಿ ಶುರುವಾಗಿ, ಗ್ರೀಕ್ ಮತ್ತು ಹೀಬ್ರೂ ಮೂಲಪಾಠ ಓದುವವರಿಗೆ ಕಾಲು ಶತಮಾನ ಊರುಗೋಲಾಗಿತ್ತು. 2018ರ ಜೂನಿನಲ್ಲಿ ಕಂಪನಿ ಬಾಗಿಲು ಹಾಕಿತು. ಅದನ್ನು ಮ್ಯಾಕಿಗೆ “ಹಾಕಿಕೊಡುವುದು” ಹೇಗೆಂದು ಅಯ್ಯನವರು ನನಗಿಂತ ಮೊದಲು ಮೂವರನ್ನು ಕೇಳಿದ್ದರು. ಒಬ್ಬರು ಮ್ಯಾಕಿಗೆ ನೇಟಿವ್ ಆವೃತ್ತಿಯೇ ಇದೆ ಎಂದಿದ್ದರು. ಇನ್ನೊಬ್ಬರು ವರ್ಚುವಲ್ ಮೆಷಿನ್ ಹಾಕಿದರೆ ಮುಗಿಯಿತು ಎಂದಿದ್ದರು. ಮೂರನೆಯವರು ವರ್ಚುವಲ್ ಎಂದರೆ ಆಮೆ, ಬೇಡವೇ ಬೇಡ ಎಂದಿದ್ದರು. ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇತ್ತು, ಅದೇ ತೊಂದರೆ.

ಮುಂದೆ ಹೋಗುವ ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ಜೊತೆ ನೇರವಾಗಿ ಮಾತಾಡುವ ಪ್ರೋಗ್ರಾಮು ನೇಟಿವ್. ಅದು ಸ್ವಂತ ಮನೆಯಲ್ಲಿದೆ. ಮ್ಯಾಕಿನೊಳಗೆ ಸಾಫ್ಟ್‌ವೇರಿನಿಂದಲೇ ಇನ್ನೊಂದು ಕಂಪ್ಯೂಟರು ಕಟ್ಟಿ, ಅದರಲ್ಲಿ ಇಡೀ ವಿಂಡೋಸ್ ಕೂರಿಸಿ, ಅದರೊಳಗೆ ಪ್ರೋಗ್ರಾಮು ನಡೆಸಿದರೆ ಅದು ವರ್ಚುವಲ್ ಮೆಷಿನ್. ಒಬ್ಬ ನೆಂಟನಿಗಾಗಿ ಹಿತ್ತಲಲ್ಲಿ ಅಡುಗೆಮನೆ, ನೀರಿನ ಟ್ಯಾಂಕು ಸಮೇತ ಔಟ್‌ಹೌಸ್ ಎಬ್ಬಿಸಿದ ಹಾಗೆ. ಪ್ಯಾರಲಲ್ಸ್, ವಿಎಂವೇರ್ ಫ್ಯೂಷನ್, ವರ್ಚುವಲ್‌ಬಾಕ್ಸ್ ಈ ಕೆಲಸದವು. ನೇಟಿವ್, ವರ್ಚುವಲ್ ಎರಡರ ನಡುವೆ ಮೂರನೆಯದೂ ಇದೆ. ಅದರ ಹೆಸರು ವೈನ್, 1993ರಲ್ಲಿ ಶುರುವಾದದ್ದು. ಇದರಲ್ಲಿ ವಿಂಡೋಸೇ ಇರುವುದಿಲ್ಲ. ವಿಂಡೋಸ್ ಪ್ರೋಗ್ರಾಮು ಕೇಳಿದ್ದನ್ನೆಲ್ಲ ಮ್ಯಾಕಿಗೋ ಲಿನಕ್ಸಿಗೋ ಅರ್ಥವಾಗುವಂತೆ ತಿರುಗಿಸಿ ಹೇಳುವ ದುಭಾಷಿಯೊಬ್ಬ ಮಾತ್ರ ಇರುತ್ತಾನೆ. ಗೊಂದಲವೆಲ್ಲ ಹುಟ್ಟುವುದು ಈ ಮೂರನೆಯವನಿಂದ.

ತಪ್ಪು ಕಲ್ಪನೆ: “ನೇಟಿವ್ ಎಂದು ಬರೆದಿದ್ದರೆ ಅದು ಆ ಯಂತ್ರಕ್ಕೆಂದೇ ಬರೆದ ಪ್ರೋಗ್ರಾಮು.”

ವಾಸ್ತವ: ಬೈಬಲ್‌ವರ್ಕ್ಸ್ ಕಂಪನಿ ತನ್ನ ಕೊನೆಯ ವರ್ಷಗಳಲ್ಲಿ ಮ್ಯಾಕಿಗೂ ಒಂದು ಆವೃತ್ತಿ ಕೊಟ್ಟಿತ್ತು. ವಿಂಡೋಸ್ ಕೊಳ್ಳಬೇಕಿಲ್ಲ, ವರ್ಚುವಲ್ ಮೆಷಿನ್ ಬೇಕಿಲ್ಲ, ಐಕಾನ್ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಜನ ಅದನ್ನು ನೇಟಿವ್ ಎಂದೇ ಕರೆದರು. ತೆರೆದು ನೋಡಿದರೆ ಮೆನುಗಳು, ಬಟನ್ನುಗಳು, ಫೈಲು ಹುಡುಕುವ ಕಿಟಕಿ ಎಲ್ಲವೂ ವಿಂಡೋಸಿನ ಮುಖದವೇ. ಒಳಗಿದ್ದದ್ದು ಅದೇ ವಿಂಡೋಸ್ ಪ್ರೋಗ್ರಾಮು, ಕೆಳಗೆ ವೈನ್ ಮಾದರಿಯ ದುಭಾಷಿ ಪದರ. ಇದರಲ್ಲಿ ಮೋಸವೇನೂ ಇರಲಿಲ್ಲ. ಸಣ್ಣ ಕಂಪನಿ ಲಕ್ಷಾಂತರ ಸಾಲಿನ ಕೋಡನ್ನು ಎರಡು ಸಲ ಬರೆಯಲಾರದು. ಆದರೆ ಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕಿತ್ತು. ದುಭಾಷಿಗೆ ಹುಷಾರು ತಪ್ಪಿದರೆ ಮಾತುಕತೆಯೇ ನಿಲ್ಲುತ್ತದೆ. ಅದು ಹೇಗೆ ನಿಂತಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ನೇಟಿವ್ ಎಂಬ ಮಾತಿಗೆ ಇನ್ನೊಂದು ಅಂತಸ್ತೂ ಇದೆ. ಪ್ರೋಗ್ರಾಮು ಮ್ಯಾಕಿನದೇ ಆಗಿದ್ದು ಇಂಟೆಲ್ ಚಿಪ್ಪಿಗೆ ಬರೆದದ್ದಾದರೆ, ಇಂದಿನ ಎಂ ಸರಣಿಯ ಚಿಪ್ಪಿನ ಮೇಲೆ ಅದು ರೊಸೆಟ್ಟಾ 2 ಎಂಬ ಅನುವಾದಕನ ಹೆಗಲೇರಿ ನಡೆಯುತ್ತದೆ. ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಅನುವಾದಕನಿಗೆ ನಿವೃತ್ತಿ ಘೋಷಿಸಿದ ದಿನ. ರೊಸೆಟ್ಟಾ ಪೂರ್ಣರೂಪದಲ್ಲಿ ಇರುವುದು ಮ್ಯಾಕ್‌ಓಎಸ್ 27ರ ತನಕ ಎಂದು ಆ್ಯಪಲ್ 2025ರಲ್ಲೇ ಹೇಳಿಯಾಗಿದೆ. ಹಾಗಾಗಿ ಕೊಳ್ಳುವ ಮೊದಲು “ಇದು ನೇಟಿವ್ವಾ?” ಎಂದು ಕೇಳಿದರೆ ಸಾಲದು. “ಯಾವ ಚಿಪ್ಪಿಗೆ ನೇಟಿವ್?” ಎಂದೂ ಕೇಳಿ.

ತಪ್ಪು ಕಲ್ಪನೆ: “ವರ್ಚುವಲ್ ಮೆಷಿನಿನಲ್ಲಿ ಹುಡುಕಾಟ ಆಮೆ ನಡಿಗೆ.”

ವಾಸ್ತವ: ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಇರುವುದು ಸುಮಾರು 1,38,000 ಪದ. ಹೀಬ್ರೂ ಬೈಬಲ್ಲಿನಲ್ಲಿ ಸುಮಾರು 3,05,000. ಇಡೀ ಇಂಗ್ಲಿಷ್ ಬೈಬಲ್ಲನ್ನು ಬರಿ ಅಕ್ಷರವಾಗಿ ಉಳಿಸಿದರೆ 5 ಎಂಬಿ ಮುಟ್ಟುವುದಿಲ್ಲ. ನಿಮ್ಮ ಫೋನಿನಲ್ಲಿ ತೆಗೆದ ಒಂದೆರಡು ಫೋಟೊಗಳಷ್ಟು. ಇಷ್ಟನ್ನು ಜಾಲಾಡಲು ಇಂದಿನ ಯಾವ ಲ್ಯಾಪ್‌ಟಾಪೂ ಉಸಿರು ಬಿಗಿಹಿಡಿಯಬೇಕಿಲ್ಲ, ಅದು ಔಟ್‌ಹೌಸಿನಲ್ಲಿದ್ದರೂ ಸರಿ.

ಅಯ್ಯನವರ ಮುಂದೆ ಕೂತು ಇದನ್ನು ಮಾಡಿಯೇ ತೋರಿಸಿದೆ. ನನ್ನ ವರ್ಚುವಲ್ ವಿಂಡೋಸ್ ತೆರೆದು, ಕೃಪೆ ಎಂದು ನಾವು ಸಾಮಾನ್ಯವಾಗಿ ಓದುವ ‘ಹೆಸೆದ್’ ಎಂಬ ಹೀಬ್ರೂ ಪದವನ್ನು ಹುಡುಕಲು ಕೊಟ್ಟೆ. ಎಂಟರ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಪಟ್ಟಿ ಬಂತು. ಕೀರ್ತನೆ 136ರ ಹತ್ತಿರ ಪಟ್ಟಿ ಇದ್ದಕ್ಕಿದ್ದಂತೆ ದಟ್ಟವಾಯಿತು, 26 ವಚನ, ಇಪ್ಪತ್ತಾರರಲ್ಲೂ ಆ ಪದ. ಅಯ್ಯನವರು ಕನ್ನಡಕ ಮೇಲೇರಿಸಿ ಒಂದೊಂದಾಗಿ ಎಣಿಸಿದರು. ಆಮೇಲೆ ಅದೇ ಪದವನ್ನು ಮ್ಯಾಕಿನ ನೇಟಿವ್ ಪ್ರೋಗ್ರಾಮಿನಲ್ಲಿ ಹುಡುಕಿದೆ. ಅಲ್ಲೂ 26. ಬರಬೇಕಾದದ್ದೇ. ಉತ್ತರ ಹುಟ್ಟುವುದು ಪದಗಳಿಗೆ ಧಾತು, ಲಿಂಗ, ವಚನ, ಕಾಲ ಗುರುತು ಹಾಕಿಟ್ಟ ದತ್ತಾಂಶದಿಂದ. ಪ್ರೋಗ್ರಾಮು ಯಾವ ಮನೆಯಲ್ಲಿ ಕೂತಿದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಎರಡು ಪ್ರೋಗ್ರಾಮಿನ ಎಣಿಕೆ ಬೇರೆ ಬಂದರೆ ಮೂಲಪಾಠದ ಆವೃತ್ತಿಯನ್ನೋ ಗುರುತು ಹಾಕಿದ ವಿದ್ವಾಂಸರ ತಂಡವನ್ನೋ ವಿಚಾರಿಸಬೇಕು.

ನಿಧಾನ ಎಂಬ ದೂರು ಸುಳ್ಳಲ್ಲ, ಅದು ಬರುವ ಜಾಗ ಬೇರೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್ಯಾಮು, 64 ಜಿಬಿ ಡಿಸ್ಕಿನ ಜಾಗ ಬೇಕೆಂದು ಮೈಕ್ರೋಸಾಫ್ಟೇ ಹೇಳುತ್ತದೆ. ನಿಮ್ಮ ಮ್ಯಾಕಿನಲ್ಲಿ ಇರುವುದೇ 8 ಜಿಬಿ ಎಂದರೆ ಅರ್ಧ ನೆಂಟನಿಗೆ ಹೋಯಿತು. ಮಿಕ್ಕ ಅರ್ಧದಲ್ಲಿ ಬ್ರೌಸರು, ವರ್ಡು, ಜೂಮ್ ಎಲ್ಲ ಒತ್ತೊತ್ತಾಗಿ ಬದುಕಬೇಕು. ಆಗ ತೆವಳುವುದು ಇಡೀ ಯಂತ್ರ, ಬೈಬಲ್ ಪ್ರೋಗ್ರಾಮಿನ ಮೇಲೆ ಸುಮ್ಮನೆ ಗೂಬೆ ಕೂರಿಸುತ್ತೇವೆ. 16 ಜಿಬಿ ಇದ್ದರೆ ಈ ಮಾತೇ ಏಳುವುದಿಲ್ಲ.

ತಪ್ಪು ಕಲ್ಪನೆ: “ನೇಟಿವ್ ಆವೃತ್ತಿಯೇ ಹೆಚ್ಚು ಕಾಲ ಬಾಳುತ್ತದೆ.”

ವಾಸ್ತವ: ದುಭಾಷಿಯ ಕತೆಗೆ ಬಂದೆ. 2019ರ ಅಕ್ಟೋಬರಿನಲ್ಲಿ ಆ್ಯಪಲ್ ಕ್ಯಾಟಲೀನಾ ಎಂಬ ಮ್ಯಾಕ್‌ಓಎಸ್ ಬಿಟ್ಟಿತು. ಅದರೊಂದಿಗೆ 32 ಬಿಟ್ ಪ್ರೋಗ್ರಾಮುಗಳ ಕಾಲ ಮ್ಯಾಕಿನಲ್ಲಿ ಮುಗಿಯಿತು. ರಾತ್ರಿ ಅಪ್‌ಡೇಟಿಗೆ ಹಾಕಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಹಳೆಯ ಐಕಾನುಗಳ ಮೇಲೆ ಅಡ್ಡಗೆರೆಯ ಸುತ್ತು, ‘ಪ್ರವೇಶವಿಲ್ಲ’ ಬೋರ್ಡಿನ ಹಾಗೆ. ಬೈಬಲ್‌ವರ್ಕ್ಸಿನ ಮ್ಯಾಕ್ ಆವೃತ್ತಿ 32 ಬಿಟ್ಟಿನದು. ಅದೂ ನಿಂತಿತು. ಕಂಪನಿ ಇದ್ದಿದ್ದರೆ ದುರಸ್ತಿ ಮಾಡುತ್ತಿತ್ತೋ ಏನೋ. ಆದರೆ ಅದು ಮುಚ್ಚಿ ಆಗಲೇ ಹದಿನಾರು ತಿಂಗಳು ಆಗಿತ್ತು.

ಅದೇ ಹೊತ್ತಿಗೆ, ಅದೇ ಕ್ಯಾಟಲೀನಾದ ಮೇಲೆ, ಪ್ಯಾರಲಲ್ಸಿನೊಳಗೆ ವಿಂಡೋಸ್ ಹಾಕಿಕೊಂಡು ಬೈಬಲ್‌ವರ್ಕ್ಸ್ ನಡೆಸುತ್ತಿದ್ದವರಿಗೆ ಏನೂ ಆಗಲಿಲ್ಲ. ಹೊರಮನೆಯ ಕಾನೂನು ಔಟ್‌ಹೌಸಿಗೆ ತಾಗುವುದಿಲ್ಲ. ಒಳಗಿನ ವಿಂಡೋಸ್ 32 ಬಿಟ್ಟನ್ನು ಇಂದಿಗೂ ಸಾಕುತ್ತಿದೆ. ‘ನೇಟಿವ್ ತಗೊಳ್ಳಿ, ವರ್ಚುವಲ್ ಗೋಜಲು ಯಾಕೆ’ ಎಂದು ಬುದ್ಧಿ ಹೇಳಿದ್ದವರಲ್ಲಿ ನಾನೂ ಒಬ್ಬ. ಆ ವರ್ಷ ಒಂದಿಬ್ಬರಿಗೆ ಮುಖ ತೋರಿಸುವುದು ಕಷ್ಟವಾಗಿತ್ತು.

ವೈನನ್ನು ದುಡ್ಡಿಗೆ ಮಾರಿ ಸೇವೆ ಕೊಡುವ ಕಂಪನಿಯೊಂದಿದೆ, ಕೋಡ್‌ವೀವರ್ಸ್. ಅವರು 2019ರ ಡಿಸೆಂಬರಿನಲ್ಲಿ ಬಿಟ್ಟ ಕ್ರಾಸ್‌ಓವರ್ 19ರಲ್ಲಿ, ಕ್ಯಾಟಲೀನಾದ ಮೇಲೂ 32 ಬಿಟ್ ವಿಂಡೋಸ್ ಪ್ರೋಗ್ರಾಮು ನಡೆಸುವ ಉಪಾಯ ಕಂಡುಹಿಡಿದರು. ದುಭಾಷಿಗೆ ಸಂಬಳ ಕೊಡುವ ಧಣಿ ಬದುಕಿದ್ದರೆ ದುಭಾಷಿಯೂ ಬದುಕುತ್ತಾನೆ. ಆಯುಷ್ಯದ ಪ್ರಶ್ನೆಗೆ ನಾನು ಕಂಡ ಉತ್ತರ ಇಷ್ಟೇ: ಇದನ್ನು ಈ ವರ್ಷವೂ ಯಾರಾದರೂ ಸರಿಮಾಡುತ್ತಿದ್ದಾರೆಯೇ? ನೇಟಿವ್, ವರ್ಚುವಲ್ ಎಂಬ ವಿಚಾರ ಅದಾದ ಮೇಲೆ.

ತಪ್ಪು ಕಲ್ಪನೆ: “ಹಾಗಾದರೆ ವರ್ಚುವಲ್ ಮೆಷಿನ್ ಚಿರಂಜೀವಿ. ಒಮ್ಮೆ ಕಟ್ಟಿಟ್ಟರೆ ಯಾವ ಮ್ಯಾಕಿಗಾದರೂ ಎತ್ತಿಕೊಂಡು ಹೋಗಬಹುದು.”

ವಾಸ್ತವ: 2020ರ ನವೆಂಬರಿನ ತನಕ ಅದು ಬಹುಮಟ್ಟಿಗೆ ನಿಜವಾಗಿತ್ತು. ಆ ತಿಂಗಳು ಇಂಟೆಲ್ ಬಿಟ್ಟು ಆರ್ಮ್ ಜಾತಿಯ ಎಂ1 ಚಿಪ್ಪಿನ ಮ್ಯಾಕುಗಳು ಬಂದವು. ವರ್ಚುವಲ್ ಮೆಷಿನ್ ತನ್ನ ಕೆಳಗಿನ ಚಿಪ್ಪನ್ನೇ ಹಂಚಿಕೊಂಡು ನಡೆಯುವುದು. ಇಂಟೆಲ್ ಮ್ಯಾಕಿನಲ್ಲಿ ಕಟ್ಟಿದ ವಿಂಡೋಸನ್ನು ಹೊಸ ಮ್ಯಾಕಿಗೆ ನಕಲು ಮಾಡಿಕೊಂಡವರಿಗೆ ಅದು ತೆರೆಯಲೇ ಇಲ್ಲ. ಮ್ಯಾಕಿನಲ್ಲೇ ವಿಂಡೋಸನ್ನು ಬೂಟ್ ಮಾಡಿಸುತ್ತಿದ್ದ ಬೂಟ್‌ಕ್ಯಾಂಪ್ ಕೂಡ ಆ ಯಂತ್ರಗಳಲ್ಲಿ ಇಲ್ಲವಾಯಿತು.

ಈಗಿನ ದಾರಿ ಎಂದರೆ ಆರ್ಮ್ ಚಿಪ್ಪಿಗೆಂದು ಮಾಡಿದ ವಿಂಡೋಸ್ 11. ಅದನ್ನು ಪ್ಯಾರಲಲ್ಸಿನಲ್ಲಿ ನಡೆಸಲು ಮೈಕ್ರೋಸಾಫ್ಟ್ ಅಧಿಕೃತ ಒಪ್ಪಿಗೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ. ಹಳೆಯ ಇಂಟೆಲ್ ಪ್ರೋಗ್ರಾಮುಗಳನ್ನು ಆ ವಿಂಡೋಸ್ ತಾನೇ ಅನುವಾದಿಸಿ ನಡೆಸುತ್ತದೆ. ಅಂದರೆ ಅಯ್ಯನವರ ಹೊಸ ಮ್ಯಾಕಿನಲ್ಲಿ ಬೈಬಲ್‌ವರ್ಕ್ಸ್ ತೆರೆದರೆ ಕೆಳಗೆ ಮ್ಯಾಕು, ಅದರ ಮೇಲೆ ಪ್ಯಾರಲಲ್ಸ್, ಅದರ ಮೇಲೆ ಆರ್ಮ್ ವಿಂಡೋಸ್, ಅದರೊಳಗೊಬ್ಬ ಅನುವಾದಕ, ಅವನ ಹೆಗಲ ಮೇಲೆ ಸತ್ತ ಕಂಪನಿಯ ಪ್ರೋಗ್ರಾಮು. ಇಷ್ಟು ಅಂತಸ್ತಿನಲ್ಲಿ ಯಾವುದೊಂದು ಅಲುಗಿದರೂ ಅಯ್ಯನವರ ಫೋನ್ ನನಗೇ ಬರುವುದು.

ತಪ್ಪು ಕಲ್ಪನೆ: “ಗ್ರೀಕ್, ಹೀಬ್ರೂ ಕಾಪಿ ಮಾಡಿ ವರ್ಡಿಗೆ ಹಾಕಿದರೆ ಅಕ್ಷರ ಕೆಡುತ್ತದೆ. ಅದು ವರ್ಚುವಲ್ ಮೆಷಿನಿನ ದೋಷ.”

ವಾಸ್ತವ: ಇದನ್ನು ಕನ್ನಡಿಗರಿಗೆ ವಿವರಿಸುವುದು ಬಲು ಸುಲಭ. ಹಳೆಯ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಫೈಲನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದೀರಲ್ಲವೇ? ಇಂಗ್ಲಿಷ್ ಅಕ್ಷರ, ಬ್ರ್ಯಾಕೆಟ್ಟು, ವಿಚಿತ್ರ ಚಿಹ್ನೆಗಳ ರಾಶಿ. ಅಲ್ಲಿ ಕನ್ನಡ ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದ ಫಾಂಟ್ ಇತ್ತು. ವೇಷ ಕಳಚಿದರೆ ಒಳಗಿದ್ದದ್ದು ಹೊರಗೆ ಬಂತು.

ಬೈಬಲ್‌ವರ್ಕ್ಸಿನ ಸ್ವಂತ ಗ್ರೀಕ್, ಹೀಬ್ರೂ ಫಾಂಟುಗಳೂ ಇದೇ ಜಾತಿಯವು. ‘ಲೋಗೊಸ್’ ಎಂಬ ಗ್ರೀಕ್ ಪದವನ್ನು ತೆಗೆದುಕೊಳ್ಳಿ. ಹೊಸ ಒಡಂಬಡಿಕೆಯಲ್ಲಿ ಸುಮಾರು 330 ಸಲ ಬರುತ್ತದೆ. ಯೋಹಾನನ ಸುವಾರ್ತೆಯ ಮೊದಲ ವಚನದಲ್ಲಿ ನಮ್ಮ ಸತ್ಯವೇದ ‘ವಾಕ್ಯ’ ಎಂದಿರುವುದು ಇದನ್ನೇ. ಹಳೆಯ ಫಾಂಟಿನಲ್ಲಿ ಕಾಪಿ ಮಾಡಿ ಮ್ಯಾಕಿನ ವರ್ಡಿಗೆ ಅಂಟಿಸಿದರೆ ಕೊನೆಯ ಸಿಗ್ಮಾ ಇರಬೇಕಾದಲ್ಲಿ ಇಂಗ್ಲಿಷಿನ ಜೆ ಕೂತಿರುತ್ತದೆ, ಮೊದಲ ಓ ಮೇಲಿನ ಸ್ವರಭಾರದ ಗುರುತು ಬರಿ ಅಲ್ಪವಿರಾಮವಾಗಿರುತ್ತದೆ. ಒಮೇಗಾ ಇದ್ದ ಕಡೆ ಡಬ್ಲ್ಯೂ, ಥೀಟಾ ಇದ್ದ ಕಡೆ ಕ್ಯೂ. ಹೀಬ್ರೂವಿನ ಪಾಡು ಇನ್ನೂ ಕೆಟ್ಟದ್ದು. ಅದು ಬಲದಿಂದ ಎಡಕ್ಕೆ ಓದುವ ಲಿಪಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ, ಎಡದಿಂದ ಬಲಕ್ಕೆ, ಅಕ್ಷರ ಪೇರಿಸಿರುತ್ತಾರೆ. ಆದಿಕಾಂಡದ ಮೊದಲ ವಚನವನ್ನು ಅಂಟಿಸಿದರೆ ಅದರ ಕೊನೆಯ ಪದ ಮೊದಲು ಬಂದು ಕೂರುತ್ತದೆ. ಸಾಲು ಮುರಿದರಂತೂ ವಚನ ತಲೆಕೆಳಗು.

ಇದು ವರ್ಚುವಲ್ ಮೆಷಿನಿನ ಪಾಪವಲ್ಲ. ಅಪ್ಪಟ ವಿಂಡೋಸ್ ಕಂಪ್ಯೂಟರಿನಿಂದ ಪಕ್ಕದ ವಿಂಡೋಸ್ ಕಂಪ್ಯೂಟರಿಗೆ ಕಳಿಸಿದರೂ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಹೀಗೇ ಆಗುತ್ತದೆ. ಮದ್ದು ಪ್ರೋಗ್ರಾಮಿನೊಳಗೇ ಇದೆ. ಫಾಂಟ್ ಸೆಟ್ಟಿಂಗಿನಲ್ಲಿ, ಹೊರಗೆ ಕಳಿಸುವಾಗ ಯೂನಿಕೋಡ್ ಬಳಸು ಎಂಬ ಆಯ್ಕೆಗೆ ಟಿಕ್ ಹಾಕಬೇಕು. ಹದಿನೈದು ವರ್ಷ ಬಳಸಿದ ಅಯ್ಯನವರು ಅದನ್ನು ನೋಡಿಯೇ ಇರಲಿಲ್ಲ. ಸತ್ಯ ಹೇಳಬೇಕೆಂದರೆ, ನಾನೂ ನೋಡಿದ್ದು ತಡವಾಗಿಯೇ. ಆಮೇಲೆ ಯೂನಿಕೋಡ್ ಫಾಂಟು ಹಾಕಿಕೊಳ್ಳಿ; ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್‌ನವರು ಎಸ್‌ಬಿಎಲ್ ಗ್ರೀಕ್, ಎಸ್‌ಬಿಎಲ್ ಹೀಬ್ರೂ ಎಂಬ ಎರಡನ್ನು ವೈಯಕ್ತಿಕ ಬಳಕೆಗೆ ಪುಕ್ಕಟೆ ಕೊಡುತ್ತಾರೆ. ಒಂದು ಎಚ್ಚರ: ಔಟ್‌ಹೌಸಿಗೆ ಫಾಂಟಿನ ಪೆಟ್ಟಿಗೆಯೂ ಪ್ರತ್ಯೇಕ. ಮ್ಯಾಕಿಗೆ ಹಾಕಿದ ಫಾಂಟು ಒಳಗಿನ ವಿಂಡೋಸಿಗೆ ತಾನಾಗಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ, ಎರಡು ಕಡೆಯೂ ಹಾಕಿ. ಕೀಬೋರ್ಡಿನ ಭಾಷೆಯದೂ ಇದೇ ಕತೆ. ಮ್ಯಾಕಿನಲ್ಲಿ ಕನ್ನಡ ಕೀಬೋರ್ಡ್ ಆರಿಸಿದ್ದರೂ ವಿಂಡೋಸಿನೊಳಗೆ ಬೇರೆಯಾಗಿ ಆರಿಸಬೇಕು.

ತಪ್ಪು ಕಲ್ಪನೆ: “ವರ್ಚುವಲ್ ಆದರೆ ಅಗ್ಗ. ಹಳೇ ಪ್ರೋಗ್ರಾಮೇ ಸಾಕು, ಹೊಸದು ಕೊಳ್ಳಬೇಕಿಲ್ಲ.”

ವಾಸ್ತವ: ವರ್ಚುವಲ್‌ಬಾಕ್ಸ್ ಮೊದಲಿಂದಲೂ ಪುಕ್ಕಟೆ, ವಿಎಂವೇರ್ ಫ್ಯೂಷನ್ 2024ರ ನವೆಂಬರಿನಿಂದ ಎಲ್ಲರಿಗೂ ಪುಕ್ಕಟೆ. ಆದರೆ ಒಳಗೆ ಕೂರಿಸುವ ವಿಂಡೋಸಿಗೆ ಲೈಸೆನ್ಸು ಬೇಕು. ಮ್ಯಾಕ್ ಕೊಂಡರೆ ವಿಂಡೋಸ್ ಜೊತೆಗೆ ಬರುವುದಿಲ್ಲ. ಪ್ಯಾರಲಲ್ಸ್ ಆದರೆ ಅದಕ್ಕೂ ದುಡ್ಡು. ಇವನ್ನೆಲ್ಲ ಕೂಡಿಸಿ ನೋಡಿ, ನೇಟಿವ್ ಪ್ರೋಗ್ರಾಮಿನ ಆರಂಭದ ಪ್ಯಾಕೇಜಿನ ಹತ್ತಿರ ಬಂದು ನಿಲ್ಲುತ್ತದೆ. ಅದರ ಮೇಲೆ ನಿಮ್ಮ ಸಮಯ. ಎರಡು ಆಪರೇಟಿಂಗ್ ಸಿಸ್ಟಮ್ಮಿಗೆ ಎರಡು ಅಪ್‌ಡೇಟು, ಎರಡು ಆಂಟಿವೈರಸ್ ಚಿಂತೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ರದು 2025ರ ಅಕ್ಟೋಬರಿನಲ್ಲಿ ಮುಗಿಯಿತು. ಒಳಗಿರುವುದು ಹಳೆಯ ವಿಂಡೋಸ್ ಆದರೆ ಅದರ ಇಂಟರ್‌ನೆಟ್ಟನ್ನು ಕಿತ್ತುಹಾಕಿ. ಗ್ರೀಕ್ ಓದಲು ಇಂಟರ್‌ನೆಟ್ ಬೇಡ.

ಉಲ್ಟಾ ದಾರಿ ಹಿಡಿಯಲು ಹೊರಟವರಿಗೂ ಒಂದು ಮಾತು. ಬೇರೆ ಕಂಪನಿಯ ಲ್ಯಾಪ್‌ಟಾಪಿನ ಮೇಲೆ ಮ್ಯಾಕ್‌ಓಎಸ್ಸನ್ನು ವರ್ಚುವಲ್ ಆಗಿ ನಡೆಸಲು ಆ್ಯಪಲ್ಲಿನ ಲೈಸೆನ್ಸು ಒಪ್ಪುವುದಿಲ್ಲ. ಅದು ಆ್ಯಪಲ್ ಯಂತ್ರದ ಮೇಲೆ ಮಾತ್ರ. ಸತ್ಯವೇದ ಓದುವುದಕ್ಕೆ ಕಳ್ಳದಾರಿ ಬೇಕೇ ಎಂದು ಅಯ್ಯನವರಾದರೆ ಕೇಳುತ್ತಿದ್ದರು.

ತಪ್ಪು ಕಲ್ಪನೆ: “ಈ ತಾಪತ್ರಯವೆಲ್ಲ ಮ್ಯಾಕಿನವರದು. ವಿಂಡೋಸಿನವರು ಯಾವತ್ತೂ ಆರಾಮ.”

ವಾಸ್ತವ: ಅಕಾರ್ಡನ್ಸ್ 1994ರಲ್ಲಿ ಮ್ಯಾಕಿಗೆಂದೇ ಹುಟ್ಟಿದ ಪ್ರೋಗ್ರಾಮು. ಹೀಬ್ರೂ ವಾಕ್ಯರಚನೆ ಹುಡುಕುವವರು ಅದಕ್ಕೆ ಮರುಳಾಗಿದ್ದರು. ವಿಂಡೋಸಿಗೆ ಅದರ ನೇಟಿವ್ ಆವೃತ್ತಿ ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ವಿಂಡೋಸಿನವರು ಹಳೆಯ ಮ್ಯಾಕನ್ನೇ ನಟಿಸುವ ಎಮ್ಯುಲೇಟರ್ ಹಾಕಿಕೊಂಡು, ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡದ ಚಿತ್ರದ ಮೇಲೆ 90ರ ದಶಕದ ಮ್ಯಾಕಿನ ಬೂದು ಕಿಟಕಿ ತೆರೆದು ಹೀಬ್ರೂ ಓದುತ್ತಿದ್ದರು. ವಿಂಡೋಸಿನಲ್ಲಿ ಬೆಳೆದ ಇನ್ನೊಂದು ಬೈಬಲ್ ಪ್ರೋಗ್ರಾಮು ಲೋಗೋಸ್, ಅದರ ಮೊದಲ ಮ್ಯಾಕ್ ಆವೃತ್ತಿ ಬಂದದ್ದೂ 2008ರ ಕೊನೆಗೆ. ಇಂದು ಇವೆರಡೂ ಎರಡು ಕಡೆಯೂ ನೇಟಿವ್. ಒಮ್ಮೆ ಕೊಂಡ ಪುಸ್ತಕಗಳು ನಿಮ್ಮ ಖಾತೆಯ ಹಿಂದೆ ಬರುತ್ತವೆ, ಯಂತ್ರ ಬದಲಿಸಿದರೆ ಮತ್ತೆ ಕೊಳ್ಳಬೇಕಿಲ್ಲ. ಹಾಗಿರುವಾಗ ಇವನ್ನು ವರ್ಚುವಲ್ ಮೆಷಿನಿನಲ್ಲಿ ನಡೆಸುವವರು ಯಾಕೆ ನಡೆಸುತ್ತಾರೋ ನನಗಂತೂ ಅರ್ಥವಾಗಿಲ್ಲ. ಆದರೆ ಲೋಗೋಸಿನಲ್ಲಿ ಕೊಂಡ ನಿಘಂಟು ಅಕಾರ್ಡನ್ಸಿನಲ್ಲಿ ತೆರೆಯುವುದಿಲ್ಲ. ದೊಡ್ಡ ಖರ್ಚು ಇರುವುದು ಪ್ರೋಗ್ರಾಮಿನಲ್ಲಲ್ಲ, ಪುಸ್ತಕಗಳಲ್ಲಿ; ಯಾವ ಅಂಗಡಿಯಲ್ಲಿ ಖಾತೆ ತೆರೆಯುತ್ತೀರಿ ಎಂದು ಮೊದಲೇ ಯೋಚಿಸಿ.

ವರ್ಚುವಲ್ಲೇ ಸರಿಯಾದ ಜಾಗವೂ ಒಂದಿದೆ. ಬೈಬಲ್ ಭಾಷಾಂತರ ಮಾಡುವ ತಂಡಗಳು ಬಳಸುವ ಪ್ಯಾರಾಟೆಕ್ಸ್ಟ್ 9 ಬರೆದಿರುವುದು ವಿಂಡೋಸಿಗೆ, ಲಿನಕ್ಸಿಗೆ. ತಂಡದ ಎಲ್ಲರೂ ಅದರಲ್ಲೇ ಕೆಲಸ ಮಾಡುವಾಗ ಮ್ಯಾಕ್ ಇಟ್ಟುಕೊಂಡ ಒಬ್ಬರು ‘ನನಗೆ ನೇಟಿವ್ವೇ ಬೇಕು’ ಎಂದು ಹಟ ಹಿಡಿದರೆ ನಡೆಯುವುದಿಲ್ಲ. ಅವರು ಔಟ್‌ಹೌಸ್ ಕಟ್ಟಿಕೊಳ್ಳುವುದೇ ಸರಿ.

ತಪ್ಪು ಕಲ್ಪನೆ: “ನೋಟ್ಸಿಗೆ ಭಯವಿಲ್ಲ, ಸ್ನ್ಯಾಪ್‌ಶಾಟ್ ಇದೆಯಲ್ಲ.”

ವಾಸ್ತವ: ಇದನ್ನು ನಾನು ದಂಡ ತೆತ್ತು ಕಲಿತೆ. ಒಂದು ಚಾತುರ್ಮಾಸದಷ್ಟು ಉದ್ದದ ಓದು, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ. ಟಿಪ್ಪಣಿಯೆಲ್ಲ ವರ್ಚುವಲ್ ವಿಂಡೋಸಿನ ಒಳಗೇ. ಒಂದು ದಿನ ವಿಂಡೋಸ್ ತಕರಾರು ಮಾಡಿತೆಂದು ಯೋಚಿಸದೆ ಮೂರು ವಾರದ ಹಿಂದಿನ ಸ್ನ್ಯಾಪ್‌ಶಾಟಿಗೆ ಹಿಂತಿರುಗಿಸಿದೆ. ವಿಂಡೋಸ್ ಸರಿಹೋಯಿತು. ಮೂರು ವಾರದ ಟಿಪ್ಪಣಿ ಹೋಯಿತು. ಸ್ನ್ಯಾಪ್‌ಶಾಟ್ ಎಂದರೆ ಇಡೀ ಔಟ್‌ಹೌಸನ್ನು ಆ ದಿನದ ಸ್ಥಿತಿಗೆ ಒಯ್ಯುವುದು, ಮೇಜಿನ ಮೇಲಿನ ಕಾಗದ ಸಮೇತ. ತಪ್ಪು ನನ್ನದೇ, ಸಾಫ್ಟ್‌ವೇರು ಹೇಳಿದ ಕೆಲಸ ಮಾಡಿತು.

ಇನ್ನೊಂದು ಅಪಾಯವಿದೆ. ಹೊರಗಿನಿಂದ ನೋಡಿದರೆ ಇಡೀ ವರ್ಚುವಲ್ ಮೆಷಿನ್ ಒಂದು ದೈತ್ಯ ಫೈಲು, ಹತ್ತಾರು ಜಿಬಿ. ಅದು ಕೆಟ್ಟರೆ ಒಳಗಿನ ಸಣ್ಣ ಟಿಪ್ಪಣಿಯನ್ನು ಬಿಡಿಯಾಗಿ ಎತ್ತಿಕೊಳ್ಳುವುದು ಕಷ್ಟ. ಟಿಪ್ಪಣಿಯ ಫೋಲ್ಡರನ್ನು ಮ್ಯಾಕಿನ ಕಡೆ ಇಟ್ಟು, ಹಂಚಿಕೊಂಡ ಫೋಲ್ಡರಾಗಿ ವಿಂಡೋಸಿಗೆ ತೋರಿಸಿ. ನೇಟಿವ್ ಆದರೆ ಇಷ್ಟು ಸರ್ಕಸ್ ಇಲ್ಲ. ನನ್ನ ಮಟ್ಟಿಗೆ ನೇಟಿವ್ವಿನ ನಿಜವಾದ ಲಾಭ ವೇಗಕ್ಕಿಂತ ಇಲ್ಲಿದೆ.

ತಪ್ಪು ಕಲ್ಪನೆ: “ದುಡ್ಡು ಕೊಡದೆ ಮೂಲಭಾಷೆಯ ಓದು ಆಗದು.”

ವಾಸ್ತವ: ಆಗುತ್ತದೆ. ಕೇಂಬ್ರಿಜಿನ ಟಿಂಡೇಲ್ ಹೌಸಿನಲ್ಲಿ ಹುಟ್ಟಿದ ಸ್ಟೆಪ್ ಬೈಬಲ್ ಬ್ರೌಸರಿನಲ್ಲೇ ತೆರೆಯುತ್ತದೆ. ಪದದ ಮೇಲೆ ಒತ್ತಿದರೆ ಹಿಂದಿನ ಗ್ರೀಕೋ ಹೀಬ್ರೂವೋ ಕಾಣುತ್ತದೆ. ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕ್ರಾಸ್‌ವೈರ್ ಬೈಬಲ್ ಸೊಸೈಟಿಯ ಸ್ವೋರ್ಡ್ ಯೋಜನೆಯ ಮೇಲೆ ಕಟ್ಟಿದ ಜೈಫಾಸ್, ಬೈಬಲ್‌ಟೈಮ್ ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ನೇಟಿವ್. ಕನ್ನಡದ ಇಂಡಿಯನ್ ರಿವೈಸ್ಡ್ ವರ್ಷನ್ 2019ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಯಾರು ಬೇಕಾದರೂ ಬಳಸುವಂತೆ ಸಿಗುತ್ತದೆ. ದೇವಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೆ ಇಷ್ಟು ಧಾರಾಳ ಸಾಕು, ಸಾಲ ಮಾಡಿ ಪ್ಯಾಕೇಜು ಕೊಳ್ಳಬೇಡಿ.

ಅಯ್ಯನವರಿಗೆ ಕೊನೆಗೆ ಮಾಡಿದ್ದು ಇಷ್ಟು. ಹೊಸ ಮ್ಯಾಕಿನಲ್ಲಿ ವರ್ಚುವಲ್ ಮೆಷಿನ್ ಹಾಕಲಿಲ್ಲ, ಅಲ್ಲಿ ಇಂದೂ ಅಪ್‌ಡೇಟು ಬರುತ್ತಿರುವ ನೇಟಿವ್ ಪ್ರೋಗ್ರಾಮೊಂದಿದೆ. ಹಳೆಯ ವಿಂಡೋಸ್ ಲ್ಯಾಪ್‌ಟಾಪು ಓದುವ ಕೋಣೆಯ ಮೂಲೆಯಲ್ಲಿ, ವೈಫೈ ಆಫ್ ಮಾಡಿಕೊಂಡು, ಬೈಬಲ್‌ವರ್ಕ್ಸ್ ತೆರೆದುಕೊಂಡು ಕೂತಿದೆ. ಅವರು ಅದನ್ನು ಇನ್ನೂ ತೆರೆಯುತ್ತಾರೆ, ಬೆರಳಿಗೆ ಅಭ್ಯಾಸ ಆಗಿರುವುದು ಅದೇ. ಆದರೆ ಹದಿನೈದು ವರ್ಷದ ಟಿಪ್ಪಣಿ ಈಗ ಅದರ ಹಂಗಿನಲ್ಲಿಲ್ಲ. ಯೂನಿಕೋಡಿಗೆ ಟಿಕ್ ಹಾಕಿ ಒಂದೊಂದೇ ಪುಸ್ತಕದ್ದು ಹೊರಗೆ ತೆಗೆಯಲು ನಾಲ್ಕು ಶನಿವಾರ ಬೇಕಾಯಿತು.

ನಿಮ್ಮ ಕಪಾಟಿನಲ್ಲೂ ಇಂಥದೊಂದು ಡಿವಿಡಿ ಇದ್ದು, ಅದರ ಪ್ರೋಗ್ರಾಮು ಎಲ್ಲೋ ಒಂದು ಯಂತ್ರದಲ್ಲಿ ಇನ್ನೂ ತೆರೆಯುತ್ತಿದ್ದರೆ, ಆಯ್ಕೆಯ ಚರ್ಚೆ ನಾಳೆಗಿರಲಿ. ಇವತ್ತು ಒಂದು ಟಿಪ್ಪಣಿಯನ್ನು ಹೊರಗೆ ತೆಗೆದು ನಿಮ್ಮ ಫೋನಿಗೆ ಕಳಿಸಿ. ಲೋಗೊಸ್ ಎಂಬ ಪದದ ಕೊನೆಯಲ್ಲಿ ಸಿಗ್ಮಾ ಬಂದಿದೆಯೋ, ಜೆ ಬಂದಿದೆಯೋ ನೋಡಿ.